ಉಪ್ಪು ಕೇಳಿದ ಮಕ್ಕಳು

ಕೊರೋನಾದ ಗಲಾಟೆ ಪೂರ್ತಿ ಅಡಗಿ ಆಸ್ಪತ್ರೆಗಳು ಹಳೆಯ ಲಯಕ್ಕೆ ಮರಳಿದ್ದ ವರ್ಷವದು. ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಡೋಕ್ರೈನಾಲಜಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನನ್ನ ಕೆಲಸವೇನೆಂದು ಪಡೀಲಿನ ನಮ್ಮ ನೆರೆಹೊರೆಯವರು ಕೇಳಿದರೆ 'ಶುಗರ್ ಮತ್ತು ಥೈರಾಯ್ಡ್' ಎಂದು ಹೇಳಿ ಮುಗಿಸುತ್ತಿದ್ದೆ. ಬರುವ ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿಯದು ಅದೇ ಆಗಿರುತ್ತಿತ್ತು. ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುವ ಗ್ರಂಥಿಗಳು ಇನ್ನೂ ಹಲವು ಇವೆ. ಕುತ್ತಿಗೆಯಲ್ಲಿ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ, ಹೆಸರುಕಾಳಿಗಿಂತ ತುಸು ದೊಡ್ಡದಾದ ಪ್ಯಾರಾಥೈರಾಯ್ಡ್‌ಗಳು ರಕ್ತದ ಕ್ಯಾಲ್ಸಿಯಂ ಕಾಯುತ್ತವೆ. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್‌ಗಳು ರಕ್ತದೊತ್ತಡವನ್ನೂ ಮೈಯ ಉಪ್ಪನ್ನೂ ಕಾಯುತ್ತವೆ. ಇವು ಕೆಡುವುದು ಅಪರೂಪ. ಒಬ್ಬರಲ್ಲೇ ಎರಡು ಮೂರು ಗ್ರಂಥಿಗಳು ಒಟ್ಟಿಗೆ ಕೆಡುವುದು ಇನ್ನೂ ಅಪರೂಪ. ಇಡೀ ವೃತ್ತಿಜೀವನದಲ್ಲಿ ಒಂದನ್ನೂ ನೋಡದೆ ನಿವೃತ್ತರಾಗುವ ವೈದ್ಯರೇ ಹೆಚ್ಚು.

ಆ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ತುರ್ತು ಚಿಕಿತ್ಸಾ ವಿಭಾಗದಿಂದ ಕರೆ ಬಂತು. ನದಿಯಾಚೆಯ ಬೆಂಗ್ರೆಯಿಂದ ಫೆರಿ ಬೋಟಿನಲ್ಲಿ ದಾಟಿಸಿ ತಂದ ಹತ್ತೊಂಬತ್ತರ ಹುಡುಗಿ. ಎರಡು ದಿನದಿಂದ ವಾಂತಿ. ಬೋಟಿನಲ್ಲೇ ಒಮ್ಮೆ ಫಿಟ್ಸ್ ಬಂದಿದೆ. ಮೂರು ವರ್ಷದಿಂದ ಫಿಟ್ಸಿಗೆ ಮಾತ್ರೆ ತಿನ್ನುತ್ತಿದ್ದಾಳೆ. ರಕ್ತದಲ್ಲಿ ಕ್ಯಾಲ್ಸಿಯಂ ಎಂಟೂವರೆಗಿಂತ ಮೇಲೆ ಇರಬೇಕಾದದ್ದು ಆರಕ್ಕೆ ಇಳಿದಿತ್ತು. ಅದಕ್ಕೇ ನನ್ನನ್ನು ಕರೆದಿದ್ದರು.

ಹುಡುಗಿಯ ಹೆಸರು ಪ್ರತೀಕ್ಷಾ. ಬಿ.ಕಾಂ. ಎರಡನೇ ವರ್ಷ. ಅವಳ ಅಮ್ಮ ಲೀಲಾವತಿ, ಬಂದರಿನ ಮಾರ್ಕೆಟ್ಟಿನಲ್ಲಿ ಮೀನು ಮಾರುವವರು. ಎಲ್ಲರೂ ಅವರನ್ನು ಲೀಲಕ್ಕ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅಪ್ಪ ಭಾಸ್ಕರ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಆಗ ಅವರು ಸಮುದ್ರದಲ್ಲಿದ್ದರು.

ನರ್ಸ್ ರಕ್ತದೊತ್ತಡ ಅಳೆಯಲು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದ್ದರು. ಆ ಪಟ್ಟಿಯನ್ನು ಒಂದೆರಡು ನಿಮಿಷ ಹಾಗೇ ಬಿಡಲು ಹೇಳಿದೆ. ಹುಡುಗಿಯ ಬೆರಳುಗಳು ತಾವಾಗಿ ಒಂದಕ್ಕೊಂದು ಕೂಡಿಕೊಂಡು ಹಕ್ಕಿಯ ಕೊಕ್ಕಿನಂತೆ ಬಿಗಿದವು. ಕ್ಯಾಲ್ಸಿಯಂ ಕುಸಿದ ಲಕ್ಷಣ ಅದು. ಹಾಗೆ ಬಿಗಿದ ಬೆರಳುಗಳ ಉಗುರುಗಳನ್ನು ಆಗ ನೋಡಿದೆ. ದಪ್ಪವಾಗಿ ಹಳದಿಗಟ್ಟಿ ಪುಡಿಯಾಗುತ್ತಿದ್ದವು.

"ಇದು ಎಷ್ಟು ಸಮಯದಿಂದ ಉಂಟು?"

"ಇವಳು ಸಣ್ಣದಿರುವಾಗಲೇ ಮೇಡಂ," ಎಂದರು ಲೀಲಕ್ಕ. "ಮೀನಿನ ನೀರಿನಲ್ಲಿ ಕೈ ಹಾಕಿ ಹಾಕಿ. ನಮ್ಮಲ್ಲಿ ಎಷ್ಟೋ ಜನರಿಗೆ ಉಂಟು."

ಬಾಯಿ ತೆರೆಸಿದೆ. ನಾಲಗೆಯ ಮೇಲೆ ಬಿಳಿ ಫಂಗಸ್ ಕಟ್ಟಿತ್ತು. ವಸಡಿನ ಮೇಲೆ ಶಾಯಿ ಚೆಲ್ಲಿದಂತೆ ನೀಲಿಗಪ್ಪು ಕಲೆಗಳಿದ್ದವು. ಅಂಗೈ ಗೆರೆಗಳೂ ಕಪ್ಪಾಗಿದ್ದವು. ಮುಖ, ಕೈ ಕಪ್ಪಾಗಿದ್ದಕ್ಕೆ ಲೀಲಕ್ಕ ಬೆಂಗ್ರೆಯ ಬಿಸಿಲನ್ನು ಕಾರಣ ಹೇಳಿದರು. ಆದರೆ ಬಿಸಿಲು ವಸಡನ್ನು ಕಪ್ಪು ಮಾಡುವುದಿಲ್ಲ, ಅಡ್ರಿನಲ್ ಕೆಟ್ಟರೆ ಹಾಗಾಗುತ್ತದೆ. ಅಷ್ಟರಲ್ಲಿ ಉಳಿದ ರಿಪೋರ್ಟುಗಳೂ ಬಂದವು. ಸೋಡಿಯಂ ತೀರಾ ಕಡಿಮೆ, ಪೊಟ್ಯಾಸಿಯಂ ಹೆಚ್ಚು, ರಕ್ತದೊತ್ತಡ ಎಂಬತ್ತಕ್ಕೆ ಐವತ್ತು. ಉಗುರಿನಲ್ಲಿ ಸಣ್ಣಂದಿನ ಫಂಗಸ್, ಆಮೇಲೆ ಪ್ಯಾರಾಥೈರಾಯ್ಡ್, ಆಮೇಲೆ ಅಡ್ರಿನಲ್. ಪುಸ್ತಕದಲ್ಲಿ ಓದಿದ ಕ್ರಮದಲ್ಲೇ ಮೂರೂ ನನ್ನ ಮುಂದೆ ಮಲಗಿದ್ದವು.

ಇದಕ್ಕೆ ಆಟೋಇಮ್ಯೂನ್ ಪಾಲಿಗ್ಲ್ಯಾಂಡುಲರ್ ಸಿಂಡ್ರೋಮ್, ಟೈಪ್ ಒನ್ ಎಂದು ಹೆಸರು. ಹೊರಗಿನಿಂದ ಬರುವ ರೋಗಾಣುಗಳೊಂದಿಗೆ ಹೋರಾಡಬೇಕಾದ ನಮ್ಮ ರಕ್ಷಣಾ ವ್ಯವಸ್ಥೆ, ಒಂದು ಜೀನಿನ ದೋಷದಿಂದಾಗಿ, ತನ್ನದೇ ಗ್ರಂಥಿಗಳನ್ನು ಪರರೆಂದು ತಿಳಿದು ಒಂದೊಂದಾಗಿ ಕೆಡಿಸುತ್ತಾ ಹೋಗುತ್ತದೆ. ಪ್ರತೀಕ್ಷಾಳಿಗೆ ಇದ್ದದ್ದು ಅಪಸ್ಮಾರವಲ್ಲ. ಕ್ಯಾಲ್ಸಿಯಂ ಇಲ್ಲದೆ ನರಗಳು ಸೆಟೆಯುತ್ತಿದ್ದವು. ವಾಂತಿಗೆ ಕಾರಣ ಹೊಟ್ಟೆಯೂ ಅಲ್ಲ. ಅಡ್ರಿನಲ್‌ಗಳು ಕಾರ್ಟಿಸಾಲ್ ಎಂಬ ಹಾರ್ಮೋನಿನ ಉತ್ಪಾದನೆಯನ್ನು ನಿಲ್ಲಿಸಿದ್ದವು. ಸರಿಯಾದ ಔಷಧ ಸಿಗದಿದ್ದರೆ ಅವಳು ಆ ದಿನವನ್ನು ದಾಟುತ್ತಿರಲಿಲ್ಲ.

ಪರೀಕ್ಷೆಗೆ ರಕ್ತ ತೆಗೆದು, ವರದಿಗೆ ಕಾಯದೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು, ಸಲೈನ್ ಏರಿಸಿ, ಕ್ಯಾಲ್ಸಿಯಂ ಅನ್ನು ಹನಿಹನಿಯಾಗಿ ಬಿಡಿಸಿದೆ. ಆ ಇಂಜೆಕ್ಷನ್ನಿನ ಕೆಲಸ ನೋಡಿದವರಿಗೇ ಗೊತ್ತು. ಬೆಳಿಗ್ಗೆ ಕಣ್ಣು ಬಿಡಲಾಗದೆ ಮಲಗಿದ್ದ ಹುಡುಗಿ ಸಂಜೆಯ ಹೊತ್ತಿಗೆ ದಿಂಬಿಗೆ ಒರಗಿ ಕುಳಿತು, ಹಸಿವಾಗುತ್ತದೆ ಎಂದಳು. ಲೀಲಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈಗೆ ಮೀನಿನ ವಾಸನೆಯಿತ್ತು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೊರಟವರು ಬುಟ್ಟಿ ಅಲ್ಲೇ ಬಿಟ್ಟು ಬಂದಿದ್ದರು.

ಅಂದು ಕಾರು ಓಡಿಸಿಕೊಂಡು ಮನೆಗೆ ಹೋಗುವಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಜೀವ ಉಳಿಸಿದ ಸಂತೋಷ ಅದರಲ್ಲಿ ಅರ್ಧ. ಉಳಿದರ್ಧ, ಇಷ್ಟು ಅಪರೂಪದ್ದನ್ನು ಉಗುರು ನೋಡಿ ಹಿಡಿದೆನಲ್ಲಾ ಎಂಬುದು.

ಮರುದಿನ ಲೀಲಕ್ಕನನ್ನು ನನ್ನ ಕೋಣೆಗೆ ಕರೆಸಿ ಕೂರಿಸಿದೆ. ಕಾಯಿಲೆಯನ್ನು ಮನೆಯವರಿಗೆ ಅರ್ಥ ಮಾಡಿಸುವುದು ಔಷಧದಷ್ಟೇ ಮುಖ್ಯ. ಜೀವನವಿಡೀ ಮಾತ್ರೆ ತಪ್ಪಿಸುವಂತಿಲ್ಲ, ಜ್ವರ ಬಂದರೆ ಡೋಸ್ ಎರಡರಷ್ಟು ಮಾಡಬೇಕು, ವಾಂತಿಯಾದರೆ ಇಂಜೆಕ್ಷನ್ ಬೇಕು. ನನ್ನ ಅರೆಬರೆ ತುಳುವಿನಲ್ಲೂ ಅವರ ಕನ್ನಡದಲ್ಲೂ ಮಾತು ಸಾಗಿತು. ಅಡ್ರಿನಲ್ ಕೆಟ್ಟಾಗ ಮೈಯ ಉಪ್ಪು ಮೂತ್ರದಲ್ಲಿ ಹೊರಟುಹೋಗುತ್ತದೆ ಎಂದು ಒಂದು ಚೀಟಿಯ ಮೇಲೆ ಚಿತ್ರ ಬಿಡಿಸಿ ತೋರಿಸಿದೆ.

"ಹೋದ ಉಪ್ಪನ್ನು ಮೈ ವಾಪಸ್ ಕೇಳ್ತದೆ ಲೀಲಕ್ಕ. ಈ ಕಾಯಿಲೆಯವರು ಉಪ್ಪಿನಕಾಯಿ, ಒಣಮೀನು ಅಂತ ಹುಡುಕಿಕೊಂಡು ಹೋಗ್ತಾರೆ. ಕೆಲವರು ಉಪ್ಪನ್ನೇ ಮುಷ್ಟಿಯಲ್ಲಿ ಹಿಡಿದು ತಿಂತಾರೆ. ಪ್ರತೀಕ್ಷಾ ಹಾಗೆ ಮಾಡ್ತಿರಲಿಲ್ವಾ?"

ಲೀಲಕ್ಕ ಚೀಟಿಯನ್ನೇ ನೋಡುತ್ತಿದ್ದರು.

"ಇವಳಲ್ಲ," ಎಂದರು. "ದೊಡ್ಡವಳು."

ದಾಖಲಾಗುವಾಗ, ಒಬ್ಬಳು ಮಗಳು ಜ್ವರದಲ್ಲಿ ತೀರಿಕೊಂಡಿದ್ದಾಳೆ ಎಂದು ಅವರು ನಮ್ಮ ಕಿರಿಯ ವೈದ್ಯರಿಗೆ ಹೇಳಿದ್ದರು. ನಾನು ಅದರ ಬಗ್ಗೆ ಕೇಳಿರಲಿಲ್ಲ. ಈಗ ಕೇಳಿದೆ. ಹೆಸರು ಅಕ್ಷತಾ. ಆರು ವರ್ಷದ ಹಿಂದೆ, ಹದಿನೇಳನೇ ವಯಸ್ಸಿಗೆ ಹೋದಳು. ಈ ಕಾಯಿಲೆ ಒಡಹುಟ್ಟಿದವರಲ್ಲಿ ಬರುವಂಥದ್ದು. ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷದ ಜೀನ್ ಬಂದು ಸೇರಿದ ಮಕ್ಕಳಿಗೆ ಮಾತ್ರ ಬರುತ್ತದೆ, ತಂದೆತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಹೀಗಾಗಿ ನಾನು ಕೇಳಲೇಬೇಕಾಗಿತ್ತು. ಅವಳ ಉಗುರು ಹೇಗಿತ್ತು? ಹೀಗೇ. ಬಾಯಲ್ಲಿ ಬಿಳಿ? ಇತ್ತು. ಕೊನೆಯ ವರ್ಷ ಕಪ್ಪಾಗಿದ್ದಳೇ? ತುಂಬ. ಸುಸ್ತು? ಶಾಲೆಯ ಮೆಟ್ಟಿಲು ಹತ್ತುವಾಗ ಕೂರುತ್ತಿದ್ದಳು. ಪ್ರತಿ ಉತ್ತರಕ್ಕೂ ನಾನು ತಲೆಯಾಡಿಸುತ್ತಿದ್ದೆ. ಒಗಟು ಬಿಡಿಸುವವಳ ಉತ್ಸಾಹ ನನ್ನ ಮುಖದಲ್ಲಿ ಇದ್ದಿರಬೇಕು. ಎದುರು ಕೂತ ತಾಯಿ ಆ ಮುಖ ನೋಡಿಯೇ ಎಲ್ಲವನ್ನೂ ಅರ್ಥ ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಹೊಳೆದಾಗ ತಡವಾಗಿತ್ತು.

"ಅವಳು ಗಂಜಿಗೆ ಎಷ್ಟು ಉಪ್ಪು ಹಾಕಿದ್ರೂ ಸಾಕಾಗ್ಲಿಲ್ಲ ಹೇಳ್ತಿದ್ಳು ಮೇಡಂ," ಎಂದು ಲೀಲಕ್ಕ ನಿಧಾನವಾಗಿ ಹೇಳಿದರು. "ಉಪ್ಪಿನ ಕಲ್ಲನ್ನು ಪೆಪ್ಪರಮೆಂಟಿನ ಹಾಗೆ ಬಾಯಲ್ಲಿ ಇಟ್ಟುಕೊಳ್ತಿದ್ಳು. ಉಪ್ಪು ಜಾಸ್ತಿ ತಿಂದ್ರೆ ರಕ್ತ ನೀರಾಗ್ತದೆ, ಅದಕ್ಕೇ ಕಪ್ಪಾಗುವುದು, ಸುಸ್ತಾಗುವುದು ಅಂತ ಎಲ್ಲ ಹೇಳಿದ್ರು. ನನಗೂ ಹೌದು ಕಂಡಿತು. ಉಪ್ಪಿನ ಡಬ್ಬ, ಉಪ್ಪಿನಕಾಯಿ ಭರಣಿ, ಎಲ್ಲ ಟ್ರಂಕಲ್ಲಿ ಹಾಕಿ ಬೀಗ ಹಾಕಿದೆ. ಮೂರು ತಿಂಗಳು. ಅವಳು ಕೇಳ್ತಿದ್ಳು. ಕಾಲು ಹಿಡಿದು ಸಹ ಕೇಳಿದ್ದುಂಟು. ನಾನು ಕೊಡ್ಲಿಲ್ಲ."

ಆಮೇಲೆ ಅವರು ನನ್ನ ಮುಖ ನೋಡಿ ಕೇಳಿದರು: "ಕೊಟ್ಟಿದ್ರೆ ಉಳೀತಿದ್ಳಾ?"

ಹೇಳಲು ಮಾತುಗಳು ಇದ್ದವು. ಅವಳಿಗೆ ಪರೀಕ್ಷೆಯೇ ಆಗಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾಗದು. ಉಪ್ಪೊಂದೇ ಸಾಲುತ್ತಿರಲಿಲ್ಲ, ಮಾತ್ರೆ ಬೇಕಿತ್ತು. ಅವಳನ್ನು ನೋಡಿದ ಡಾಕ್ಟರುಗಳಿಗೇ ತಿಳಿಯಲಿಲ್ಲ. ಇವನ್ನೆಲ್ಲ ನಾನು ಹೇಳಿದೆ. ಆದರೆ ಹೇಳುವ ಮೊದಲು ಒಂದು ಕ್ಷಣ ಸುಮ್ಮನಿದ್ದೆ. ಲೀಲಕ್ಕ ಆ ಕ್ಷಣವನ್ನು ಮಾತ್ರ ತೆಗೆದುಕೊಂಡರು, ಆಮೇಲಿನ ಮಾತುಗಳನ್ನು ತೆಗೆದುಕೊಳ್ಳಲಿಲ್ಲ. ಅವರು ಅಳಲಿಲ್ಲ. ಸೆರಗಿನಲ್ಲಿ ಮೇಜಿನ ಮೇಲೆ ಬಿದ್ದಿದ್ದ ನೀರಿನ ಹನಿ ಒರಸಿದರು.

ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಹೇಳಿದರು: "ಇವಳಿಗೆ ಈ ಉಪ್ಪಿನ ವಿಷಯ ಹೇಳ್ಬೇಡಿ ಮೇಡಂ. ಅಕ್ಕ ಅಂದ್ರೆ ಇವಳಿಗೆ ಜೀವ. ಗೊತ್ತಾದ್ರೆ ನನ್ನ ಮುಖ ನೋಡ್ಲಿಕ್ಕಿಲ್ಲ."

ನಾನು ಹೇಳುವುದಿಲ್ಲ ಎಂದೆ. ಅವರ ಎದೆಯ ಮೇಲೆ ಆ ಕಲ್ಲನ್ನು ಇಟ್ಟವಳು ನಾನೇ, ಇಷ್ಟಾದರೂ ಮಾಡೋಣ ಎಂದು ನನಗೆ ಅನ್ನಿಸಿತ್ತು. ಪ್ರತೀಕ್ಷಾಳಿಗೆ ಡಿಸ್ಚಾರ್ಜ್ ದಿನ ಎಲ್ಲವನ್ನೂ ವಿವರಿಸಿದೆ. ಮೂರು ಹೊತ್ತಿನ ಹೈಡ್ರೋಕಾರ್ಟಿಸೋನ್, ಬೆಳಗಿನ ಫ್ಲೂಡ್ರೋಕಾರ್ಟಿಸೋನ್, ಕ್ಯಾಲ್ಸಿಯಂ, ವಿಟಮಿನ್ ಡಿ. ಫ್ಲೂಡ್ರೋಕಾರ್ಟಿಸೋನ್ ಎಂಬ ಆ ಪುಟ್ಟ ಮಾತ್ರೆಯೇ ಮೈಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ. ಆದ್ದರಿಂದ ಊಟದ ವಿಷಯದಲ್ಲಿ "ಮಾಮೂಲಿ ಊಟ ಮಾಡು" ಎಂದು ಹೇಳಿ ನಿಲ್ಲಿಸಿದೆ. ಸಾಮಾನ್ಯವಾಗಿ ಪ್ರತಿ ರೋಗಿಗೂ ಹೇಳುವ ಮಾತು ಬೇರೆ ಇದೆ: ಉಪ್ಪನ್ನು ಧಾರಾಳವಾಗಿ ತಿನ್ನು, ಸೆಖೆಯ ದಿನಗಳಲ್ಲಿ ಇನ್ನೂ ಹೆಚ್ಚು ತಿನ್ನು. ಅದನ್ನು ಹೇಳಲಿಲ್ಲ. ಉಪ್ಪು ಎಂಬ ಶಬ್ದ ಎತ್ತಿದರೆ ಅವಳು ಅಕ್ಕನನ್ನು ನೆನೆಯುತ್ತಾಳೆ, ಪ್ರಶ್ನೆ ಕೇಳುತ್ತಾಳೆ ಎಂದು ಹೆದರಿದೆ. ಲೀಲಕ್ಕ ಮಂಚದ ಆಚೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮಾರ್ಚ್‌ನಲ್ಲಿ ಜೀನ್ ಪರೀಕ್ಷೆಯ ವರದಿ ಬಂದು ಕಾಯಿಲೆ ಖಚಿತವಾಯಿತು. ಊರಿನ ವೈದ್ಯರ ಮಾಸಿಕ ಸಭೆಯಲ್ಲಿ ಈ ಪ್ರಕರಣವನ್ನು ಸ್ಲೈಡುಗಳೊಂದಿಗೆ ವಿವರಿಸಿದೆ. ಉಗುರಿನ ಫೋಟೋ, ವಸಡಿನ ಫೋಟೋ. ಮೂರನೆಯ ಸ್ಲೈಡಿನಲ್ಲಿ, ಅಕ್ಕ ಹದಿನೇಳರಲ್ಲಿ ಮೃತಳು, ಬಹುಶಃ ಇದೇ ಕಾಯಿಲೆ, ಎಂದು ಒಂದೇ ಸಾಲು ಬರೆದಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಏಳುವಾಗ ಒಬ್ಬ ಹಿರಿಯರು "ಬ್ಯೂಟಿಫುಲ್ ಕೇಸ್" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಆ ಥ್ಯಾಂಕ್ಸ್ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಏಪ್ರಿಲ್ ಕೊನೆಯಲ್ಲಿ ಪ್ರತೀಕ್ಷಾ ಫೆರಿ ಕಟ್ಟೆಯಲ್ಲಿ ಕಾಲೇಜಿಗೆಂದು ನಿಂತವಳು ಕುಸಿದು ಬಿದ್ದಳು. ಜೊತೆಯಲ್ಲಿದ್ದವರು ನೇರ ನಮ್ಮಲ್ಲಿಗೆ ತಂದರು. ರಕ್ತದೊತ್ತಡ ಮತ್ತೆ ಎಂಬತ್ತರ ಆಸುಪಾಸು, ನೂರಮೂವತ್ತೈದರ ಮೇಲಿರಬೇಕಾದ ಸೋಡಿಯಂ ನೂರಿಪ್ಪತ್ತನಾಲ್ಕು. ಸಲೈನ್ ಏರಿಸಿ, ಇಂಜೆಕ್ಷನ್ ಕೊಟ್ಟೆವು. ಚೇತರಿಸಿಕೊಂಡಳು. ಮಾತ್ರೆ ಬಿಟ್ಟಿದ್ದಾಳೆ ಎಂದೇ ನಾನು ಎಣಿಸಿದ್ದು. ಈ ವಯಸ್ಸಿನವರು ಸಾಮಾನ್ಯವಾಗಿ ಮಾಡುವುದು ಅದೇ.

"ಒಂದು ಸಹ ಬಿಟ್ಟಿಲ್ಲ ಮೇಡಂ," ಎಂದಳು ಪ್ರತೀಕ್ಷಾ.

"ನಾನೇ ಕೈಯಲ್ಲಿ ಕೊಟ್ಟು ನುಂಗಿಸ್ತೇನೆ," ಎಂದರು ಲೀಲಕ್ಕ. ಅವರು ಎರಡು ತಿಂಗಳಲ್ಲಿ ಇಳಿದುಹೋಗಿದ್ದರು. ಕೆನ್ನೆ ಮೂಳೆ ಕಾಣುತ್ತಿತ್ತು.

ಜ್ವರವಿರಲಿಲ್ಲ, ಭೇದಿಯಿರಲಿಲ್ಲ. ಮಾತ್ರೆಯ ಡೋಸನ್ನು ಹೆಚ್ಚಿಸಿದೆ. ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಪಿಡಿ ಮುಗಿಸಿ ವಾರ್ಡಿನ ಕಡೆ ಹೋದೆ. ಲೀಲಕ್ಕ ಮನೆಯಿಂದ ಅನ್ನ, ಬಂಗುಡೆ ಸಾರು ತಂದು ಬಡಿಸಿಟ್ಟು, ನೀರು ಹಿಡಿಯಲು ಕೆಳಗೆ ಹೋಗಿದ್ದರು. ಪ್ರತೀಕ್ಷಾ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದಳು. ಮೀನಿನ ತುಂಡನ್ನು ಸಾರಿನಿಂದ ಎತ್ತಿ, ಪಕ್ಕದ ಲೋಟದ ನೀರಿನಲ್ಲಿ ಅದ್ದಿ, ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಬಿಳಿಯಾದ ಮೇಲೆ ಅನ್ನದ ಮೇಲಿಟ್ಟುಕೊಂಡಳು. ಸಾರನ್ನು ಮುಟ್ಟಲಿಲ್ಲ. ಮತ್ತೊಂದು ತುಂಡು ಎತ್ತಿದಳು.

"ಎಂತ ಮಾಡ್ತಿದ್ದೀ?"

ಬೆಚ್ಚಿದಳು. ತುಂಡು ಲೋಟದೊಳಗೆ ಬಿತ್ತು.

"ಖಾರ ಮೇಡಂ."

"ಖಾರ ಅಲ್ಲ. ನಿಜ ಹೇಳು."

ನಾನು ಸ್ಟೂಲು ಎಳೆದು ಕುಳಿತೆ. ನಾನು ಎದ್ದು ಹೋಗುವವಳಲ್ಲ ಎಂದು ತಿಳಿದಾಗ ಅವಳು ತಲೆ ತಗ್ಗಿಸಿ ಹೇಳಿದಳು: "ಉಪ್ಪು ಹೋಗ್ಲಿ ಅಂತ."

"ಉಪ್ಪು ಯಾಕೆ ಹೋಗ್ಬೇಕು?"

"ಅಕ್ಕ ಉಪ್ಪು ತಿಂದೇ ಸತ್ತದ್ದು."

ಅವಳು ಹೇಳಿದ್ದನ್ನು ಸಾಧ್ಯವಾದಷ್ಟು ಅವಳ ಮಾತಿನಲ್ಲೇ ಬರೆಯುತ್ತೇನೆ. "ಅಮ್ಮ ಉಪ್ಪನ್ನು ಟ್ರಂಕಲ್ಲಿ ಇಟ್ಟಿದ್ರು. ಅಕ್ಕ ನನ್ನ ಹತ್ರ ಕೇಳ್ತಿದ್ಳು. ಮೀನು ಒಣಗಿಸುವ ಶೆಡ್ಡಲ್ಲಿ ಗೋಣಿಗಟ್ಟಲೆ ಉಪ್ಪು ಇರ್ತದೆ. ನಾನು ಶಾಲೆಯಿಂದ ಬರುವಾಗ ಕಂಪಾಸ್ ಬಾಕ್ಸಲ್ಲಿ ತುಂಬಿಸಿ ತಂದು ಕೊಡ್ತಿದ್ದೆ. ದಿನಾ. ಅವಳು ತಿಂದ್ರೆ ಸ್ವಲ್ಪ ಹೊತ್ತು ಚೆನ್ನಾಗಿರ್ತಿದ್ಳು, ನನ್ನ ಜೊತೆ ಮಾತಾಡ್ತಿದ್ಳು. ಜ್ವರ ಬಂದ ದಿನ ಸಹ ಕೊಟ್ಟೆ. ಆ ದಿನ ಜಾಸ್ತಿ ಕೇಳಿದ್ಳು, ಬಾಕ್ಸ್ ಇಡೀ ಕೊಟ್ಟೆ. ನೀರಲ್ಲಿ ಕದಡಿ ಕುಡಿದ್ಳು. ಮರುದಿನ ಬೆಳಿಗ್ಗೆ ಇರ್ಲಿಲ್ಲ. ಉಪ್ಪು ಕೊಟ್ರೆ ಸಾಯ್ತಾಳೆ ಅಂತ ಅಮ್ಮ ಹೇಳಿದ್ದು ನನಗೆ ಗೊತ್ತಿತ್ತು ಮೇಡಂ. ಗೊತ್ತಿದ್ದೂ ಕೊಟ್ಟದ್ದು."

ಆಗ ಅವಳಿಗೆ ಹದಿಮೂರು ವರ್ಷ. ಆರು ವರ್ಷ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದಿಂದ ಅವಳಿಗೂ ಉಪ್ಪಿನ ಆಸೆ ಶುರುವಾಗಿತ್ತು. ಶೆಡ್ಡಿನ ಮುಂದೆ ಹಾದುಹೋಗುವಾಗ ಬಾಯಲ್ಲಿ ನೀರು ಬರುತ್ತಿತ್ತಂತೆ. ಅಕ್ಕನಿಗೆ ಮಾಡಿದ್ದಕ್ಕೆ ತನಗೂ ಅದೇ ಬಂತು ಎಂದು ಅವಳು ತಿಳಿದಿದ್ದಳು. ಅದಕ್ಕೇ ಒಂದು ಕಣವನ್ನೂ ಬಾಯಿಗೆ ಬಿಡದೆ ಬದುಕಿದ್ದಳು. ಎಲ್ಲರೂ ಉಪ್ಪಿಗಾಗಿ ಹಾತೊರೆಯುವ ಕಾಯಿಲೆಯಲ್ಲಿ ಈ ಹುಡುಗಿ ತನ್ನ ಮೈ ಕೇಳಿದ್ದನ್ನು ತಾನೇ ನಿರಾಕರಿಸಿದ್ದಳು. ನಾನು ಡಿಸ್ಚಾರ್ಜ್ ದಿನ ಹೇಳದೆ ಉಳಿಸಿದ ಆ ಒಂದು ಮಾತು ಅವಳಿಗೆ ಸಿಕ್ಕಿದ್ದರೆ ಈ ಏಪ್ರಿಲ್ ಬರುತ್ತಿರಲಿಲ್ಲ. ತಾಯಿಯ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡು ಮಗಳನ್ನು ಮತ್ತೆ ಅದೇ ಅಂಚಿಗೆ ತಂದು ನಿಲ್ಲಿಸಿದ್ದೆ.

ನಾನು ಕೊಟ್ಟ ಮಾತು ಆಗ ನೆನಪಾಯಿತು. ಇವಳಿಗೆ ನಿಜ ಹೇಳಿದರೆ ಇವಳ ಎದೆಯ ಭಾರ ಇಳಿಯುತ್ತದೆ. ಅದೇ ನಿಜ ತಾಯಿಯ ಗುಟ್ಟನ್ನು ಬಿಚ್ಚಿಡುತ್ತದೆ. ಎರಡನ್ನೂ ಬೇರೆ ಬೇರೆ ಮಾಡುವ ದಾರಿ ಇರಲಿಲ್ಲ. ಲೀಲಕ್ಕ ಬರುವವರೆಗೆ ಕಾದು ಅವರ ಒಪ್ಪಿಗೆ ಕೇಳಬಹುದಿತ್ತು. ಆದರೆ ಎದುರು ಕುಳಿತವಳ ಮುಖ ನೋಡಿ ಕಾಯಲಾಗಲಿಲ್ಲ.

"ಪ್ರತೀಕ್ಷಾ, ನೀನು ಕೊಟ್ಟ ಉಪ್ಪಿನಿಂದ ಅಕ್ಕ ಸಾಯ್ಲಿಲ್ಲ. ಅವಳಿಗೂ ಇದ್ದದ್ದು ನಿನ್ನದೇ ಕಾಯಿಲೆ. ಮೈಯ ಉಪ್ಪು ಹೊರಗೆ ಹೋಗ್ತಿತ್ತು. ನಾವು ಈಗ ಸಲೈನ್ ಅಂತ ನಿನಗೆ ಏರಿಸಿದ್ದು ಎಂತ ಗೊತ್ತುಂಟಾ? ಉಪ್ಪು ನೀರು. ನೀನು ಅವಳಿಗೆ ಕೊಟ್ಟದ್ದು ಅದನ್ನೇ."

ಅವಳು ಕೈಗೆ ಚುಚ್ಚಿದ್ದ ಸೂಜಿಯನ್ನು, ಮೇಲೆ ತೂಗುತ್ತಿದ್ದ ಬಾಟಲಿಯನ್ನು ನೋಡಿದಳು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹೇಳಿಸಿದಳು. ಮತ್ತೊಮ್ಮೆ ಹೇಳಿದೆ. ಆಗ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅತ್ತಳು. ಒಂದು ಕೈಯಲ್ಲಿ ಅನ್ನವಿತ್ತು, ಅದರ ಪರಿವೆ ಅವಳಿಗಿರಲಿಲ್ಲ. ಅಳು ನಿಂತ ಮೇಲೆ, ನಾನು ಹೆದರಿದ್ದ ಪ್ರಶ್ನೆ ಬಂತು.

"ಹಾಗಾದ್ರೆ ಅಮ್ಮ ಬೀಗ ಹಾಕಿದ್ದು?"

ಲೀಲಕ್ಕ ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ ತಿಳಿಯದು. ಅವರು ನನ್ನನ್ನು ನೋಡಲಿಲ್ಲ, ಮಗಳನ್ನು ನೋಡಿದರು.

"ನೀನು ಕೊಡ್ತಿದ್ಯಾ ಅವಳಿಗೆ?" ಎಂದು ಕೇಳಿದರು.

"ದಿನಾ ಕೊಡ್ತಿದ್ದೆ."

"ದಿನಾ," ಎಂದರು ಲೀಲಕ್ಕ. ಬಾಟಲಿಯನ್ನು ನೆಲದ ಮೇಲಿಟ್ಟು, ಗೋಡೆ ಹಿಡಿದು ಅಲ್ಲೇ ಕುಳಿತರು. ಆ ಒಂದು ಶಬ್ದವನ್ನು ಇನ್ನೂ ಎರಡು ಸಲ ಹೇಳಿಕೊಂಡರು.

ಇಲ್ಲಿಗೆ ತಾಯಿ ಮಗಳು ತಬ್ಬಿಕೊಂಡರು ಎಂದು ಬರೆದರೆ ಓದಲು ಹಿತವಾಗುತ್ತಿತ್ತು. ಹಾಗಾಗಲಿಲ್ಲ. ಪ್ರತೀಕ್ಷಾ ಗೋಡೆಯ ಕಡೆ ತಿರುಗಿ ಮಲಗಿದಳು. ಮುಂದಿನ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. "ಕಾಲು ಹಿಡಿದು ಕೇಳಿದ್ಳು ಮೇಡಂ, ನಾನು ನೋಡಿದ್ದೇನೆ," ಎಂದು ನನ್ನ ಹತ್ತಿರ ಒಮ್ಮೆ ಹೇಳಿದಳು. ನಾನು ತಾಯಿಯ ಪರವಾಗಿ ವಾದಿಸಲಿಲ್ಲ. ಅಮ್ಮನಿಗೂ ನಿನ್ನ ಹಾಗೆಯೇ ಗೊತ್ತಿರಲಿಲ್ಲ, ಅಮ್ಮನೂ ಉಳಿಸಲಿಕ್ಕೆಂದೇ ಮಾಡಿದ್ದು ಎಂದಷ್ಟೇ ಹೇಳಿ ಬಂದೆ. ಲೀಲಕ್ಕನ ಬಳಿ ಮಾತು ಮುರಿದದ್ದಕ್ಕೆ ಕ್ಷಮೆ ಕೇಳಿದೆ. ಅವರು, "ನೀವು ಮೊದಲೇ ಹೇಳ್ಬೇಕಿತ್ತು ಮೇಡಂ. ನಾನು ಬೇಡ ಹೇಳಿದ್ರೂ," ಎಂದರು. ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಅದಕ್ಕೇ ಹೆಚ್ಚು ತಾಗಿತು.

ಅದಾದ ಮೂರನೆಯ ದಿನ ಬೋಟಿನಿಂದ ಭಾಸ್ಕರ ನೇರ ಆಸ್ಪತ್ರೆಗೆ ಬಂದರು. ಮೂವರನ್ನೂ ನನ್ನ ಕೋಣೆಯಲ್ಲಿ ಕೂರಿಸಿ, ಈ ಸಲ ಯಾವುದನ್ನೂ ಬಿಡದೆ ಹೇಳಿದೆ. ಅಕ್ಷತಾಳ ಕಾಯಿಲೆ, ಉಪ್ಪು, ಜೀನ್, ಎಲ್ಲ. ಭಾಸ್ಕರ ಕೇಳುತ್ತಾ ಕುಳಿತರು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು: "ಆಗ ನಾನು ಊರಲ್ಲೇ ಇರ್ಲಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಅದು." ಪ್ರತೀಕ್ಷಾ ಅಪ್ಪನನ್ನು ನೋಡಿದಳು, ಆಮೇಲೆ ಅಮ್ಮನನ್ನು. ಮನೆಗೆ ಹೊರಡುವಾಗ ತಾಯಿಯ ಕೈಯಿಂದ ಬ್ಯಾಗನ್ನು ತಾನು ತೆಗೆದುಕೊಂಡಳು. ನಾನು ಕಂಡದ್ದು ಅಷ್ಟು.

ಪ್ರತೀಕ್ಷಾ ಪದವಿ ಮುಗಿಸಿ ಈಗ ಬಂದರಿನ ಒಂದು ಸಗಟು ಅಂಗಡಿಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಫಿಟ್ಸಿನ ಮಾತ್ರೆ ನಿಂತಿದೆ. ಕಳೆದ ವರ್ಷ ಥೈರಾಯ್ಡ್ ಕೂಡ ಕೆಡಲು ಆರಂಭಿಸಿದೆ. ಈ ಕಾಯಿಲೆಯಲ್ಲಿ ಅದನ್ನೆಲ್ಲ ನಿರೀಕ್ಷಿಸುತ್ತಲೇ ಇರಬೇಕು. ಬಂದಾಗ ಹಿಡಿಯುತ್ತೇವೆ, ಮಾತ್ರೆ ಕೊಡುತ್ತೇವೆ. ನಾನು ನಿವೃತ್ತಳಾದ ಮೇಲೂ ವಾರಕ್ಕೆರಡು ದಿನ ರೋಗಿಗಳನ್ನು ನೋಡುತ್ತೇನೆ, ಅವಳು ಅಲ್ಲಿಗೇ ಬರುತ್ತಾಳೆ. ಲೀಲಕ್ಕ ಜೊತೆಗಿರುತ್ತಾರೆ. ಇತ್ತೀಚೆಗೆ ಒಮ್ಮೆ ಮಗಳು ರಕ್ತ ಕೊಡಲು ಲ್ಯಾಬಿಗೆ ಹೋಗಿದ್ದಾಗ ಲೀಲಕ್ಕ ಕೇಳಿದರು:

"ಮೇಡಂ, ಇವಳು ಕೊಡ್ತಿದ್ದದ್ದು ಅವಳಿಗೆ ಸಾಕಾಗ್ತಿತ್ತಾ?"

"ಸಾಕಾಗ್ತಿರ್ಲಿಲ್ಲ ಲೀಲಕ್ಕ," ಎಂದೆ. ಸುಳ್ಳು ಹೇಳುವ ಆಸೆ ನನ್ನಲ್ಲಿ ಉಳಿದಿರಲಿಲ್ಲ. "ಮಾತ್ರೆ ಬೇಕಿತ್ತು. ಅದನ್ನು ಕೊಡ್ಬೇಕಾದವರು ನಾವು, ಡಾಕ್ಟರುಗಳು. ಆದರೆ ಇವಳು ಕೊಟ್ಟ ಉಪ್ಪಿನಿಂದ ಅವಳು ಸ್ವಲ್ಪ ಹೆಚ್ಚು ಸಮಯ ಬದುಕಿದ್ದು ನಿಜ."

"ಎಷ್ಟು?"

"ಅದು ನನಗೆ ಗೊತ್ತಿಲ್ಲ."

ಅವರು ತಲೆಯಾಡಿಸಿದರು. ಗೊತ್ತಿಲ್ಲ ಎಂಬ ಮಾತನ್ನು ಅವರು ನನ್ನಿಂದ ತೆಗೆದುಕೊಂಡದ್ದು ಅದೇ ಮೊದಲು.

ವೈದ್ಯ ವಿದ್ಯಾರ್ಥಿಗಳಿಗೆ ನಾವು ಕುಟುಂಬದ ಇತಿಹಾಸ ಕೇಳಲು ಕಲಿಸುತ್ತೇವೆ. ಯಾರಿಗೆ ಯಾವ ಕಾಯಿಲೆ, ಯಾರು ಯಾವಾಗ ತೀರಿಕೊಂಡರು. ನಾನು ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿಕೊಂಡಿದ್ದೇನೆ. ಕೇಳುವಾಗ ಪೆನ್ನು ಕೆಳಗಿಡುತ್ತೇನೆ, ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ: "ಇದು ಯಾಕೆ ಬಂತು ಅಂತ ನಿಮಗೆ ಅನ್ನಿಸ್ತದೆ?" ಮೊದಮೊದಲು ಯಾರೂ ಹೇಳುವುದಿಲ್ಲ. ಕಾದರೆ ಹೇಳುತ್ತಾರೆ. ಗರ್ಭಿಣಿಯಾಗಿದ್ದಾಗ ತಿಂದ ಒಂದು ಹಣ್ಣು, ಮಗುವಿಗೆ ಹೊಡೆದ ಒಂದು ಪೆಟ್ಟು, ತಡಮಾಡಿದ ಒಂದು ದಿನ. ಒಂದೇ ಮನೆಯವರು ಒಂದೇ ಸಾವಿಗೆ ಒಬ್ಬೊಬ್ಬರೂ ತಾವೇ ಕಾರಣವೆಂದು ನಂಬಿ, ಒಬ್ಬರಿಗೊಬ್ಬರು ಹೇಳದೆ ವರ್ಷಗಟ್ಟಲೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿರುತ್ತಾರೆ. ಅದು ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ಆದರೆ ಮಾತ್ರೆ ಕೆಲಸ ಮಾಡುವುದೂ ಮಾಡದಿರುವುದೂ ಎಷ್ಟೋ ಸಲ ಅದರ ಮೇಲೆಯೇ ನಿಂತಿರುತ್ತದೆ. ಅದನ್ನು ಕೇಳುವುದು ಡಾಕ್ಟರರ ಕೆಲಸವಲ್ಲ ಎಂದು ನಾನು ಮೂವತ್ತು ವರ್ಷ ತಿಳಿದಿದ್ದೆ.